ಕಲ್ಲಿನ ಕೆಳಗಿನ ಅರ್ಧ

ಬೇರೆಯವರ ತಪ್ಪು ಕಂಡು ಹೌಹಾರುವುದರಲ್ಲಿ ಒಂದು ಸುಖವಿದೆ. ಖರ್ಚಿಲ್ಲ, ಶ್ರಮವಿಲ್ಲ, ಮೈಯಲ್ಲಿ ರಕ್ತವೂ ಚೆನ್ನಾಗಿ ಓಡಾಡುತ್ತದೆ. ವಾಡಿಯ ಶಾಲೆಯಲ್ಲಿ ಇತಿಹಾಸ ಕಲಿಸುವ ನಾನು ಈ ಸುಖವನ್ನು ಎರಡು ವರ್ಷ ಮನಸಾರೆ ಉಂಡೆ. ಅದಕ್ಕೆ ಕಾರಣ ಜಂಕ್ಷನ್ನಿನಲ್ಲಿ ರೈಲಿನಿಂದಿಳಿದ ಒಬ್ಬ ಬಿಳಿ ಮನುಷ್ಯ. ಬೆನ್ನ ಮೇಲೆ ಹೆಣಭಾರದ ಚೀಲ, ಕಾಲಲ್ಲಿ ಹರಿದ ಚಪ್ಪಲಿ. ಮಳಖೇಡದ ಬಸ್ಸು ಎಲ್ಲಿ ನಿಲ್ಲುತ್ತದೆಂದು ನನ್ನನ್ನೇ ಕೇಳಿದ. ಸಾವಿರ ವರ್ಷದ ಹಿಂದೆ ಅದು ರಾಜಧಾನಿಯಾಗಿತ್ತೆಂದು ಪ್ರತಿ ವರ್ಷ ಗಂಟಲು ಹರಿದುಕೊಳ್ಳುವ ನಾನು ಅಲ್ಲಿಗೆ ಒಮ್ಮೆಯೂ ಹೋಗಿರಲಿಲ್ಲ! ನಾಚಿಕೆಯಾಯಿತು. ಅದೇ ವಾರ ಒಂದು ಹಳೆಯ ಮಿಲಿಟರಿ ಚೀಲ ಸಂಪಾದಿಸಿ, ಅದರಲ್ಲಿ ರೊಟ್ಟಿ, ಶೇಂಗಾ ಹಿಂಡಿ, ಒಂದು ಟಾರ್ಚು ತುಂಬಿಕೊಂಡು ಭಾನುವಾರಗಳಲ್ಲಿ ಬಸ್ಸು ಹತ್ತತೊಡಗಿದೆ.

ನಮ್ಮ ಕಡೆ ಬೆನ್ನಿಗೆ ಚೀಲ ಹಾಕಿಕೊಂಡವನನ್ನು ಯಾರೂ ಪ್ರವಾಸಿ ಎಂದುಕೊಳ್ಳುವುದಿಲ್ಲ. ಚಿಂಚೋಳಿ ಕಡೆಯ ಒಂದು ಹಳ್ಳಿಯಲ್ಲಿ ಬಸ್ಸಿಳಿದದ್ದೇ ತಡ, "ಸೂಜಿ ಮಾಡಾವ್ರು ಬಂದಾರ!" ಎಂದು ಯಾರೋ ಕೂಗಿದರು. ಲಸಿಕೆಯ ಹೆದರಿಕೆಗೆ ಓಣಿ ಖಾಲಿ. ಒಬ್ಬ ಮುದುಕ ಮಾತ್ರ ತೋಳು ಏರಿಸಿಕೊಂಡು ಎದುರಿಗೆ ಬಂದು, "ಹಾಕ್ರಿ ಸಾಹೇಬ್ರ, ಒಮ್ಮಿ ಮುಗಿಸಿಬಿಡ್ರಿ" ಎಂದ. ಹಾಳು ಗುಡಿ ನೋಡಲು ಬಂದಿದ್ದೇನೆಂದಾಗ ಅವನಿಗೆ ಸೂಜಿಗಿಂತ ಹೆಚ್ಚು ಗಾಬರಿಯಾಯಿತು.

ನನ್ನ ಗಾಬರಿಯಂತೂ ಹೇಳತೀರದು. ವೀರಗಲ್ಲಿಗೆ ಎಮ್ಮೆ ಕಟ್ಟಿದ್ದರು. ಗುಡಿಯ ಕಂಬದ ತುಂಡಿನ ಮೇಲೆ ಖಾರ ಕುಟ್ಟುತ್ತಿದ್ದರು. ಚಿತ್ತಾಪುರದ ಹತ್ತಿರ ನಾಗಾವಿಯಲ್ಲಿ ಒಂದು ಶಾಸನದ ಮೇಲಿನ ಅರ್ಧ ಮಾತ್ರ ಸಿಕ್ಕಿತು. ಸೂರ್ಯ, ಚಂದ್ರ, ಗುಡಿಗೆ ಬಿಟ್ಟ ಹೊಲದ ವಿವರ, ಅಷ್ಟರಲ್ಲಿ ಮಾತು ನಡುವೆಯೇ ತುಂಡು. ಕೆಳಗಿನ ಅರ್ಧದಲ್ಲಿ ಶಾಪವಿರಲೇಬೇಕು. ಈ ಧರ್ಮ ಕೆಡಿಸಿದವನು ಅರವತ್ತು ಸಾವಿರ ವರ್ಷ ಹೊಲಸಿನಲ್ಲಿ ಹುಳವಾಗಿ ಬಿದ್ದಿರುತ್ತಾನೆ ಎಂಬುದು ಇಂಥ ಕಲ್ಲುಗಳ ವಾಡಿಕೆ. ಆ ಅರ್ಧವನ್ನು ಹುಡುಕಿಯೇ ತೀರುತ್ತೇನೆಂದು ತರಗತಿಯಲ್ಲಿ ಆವೇಶದಿಂದ ಶಪಥ ಮಾಡಿದೆ. ಬಾಗಿಲಲ್ಲಿ ನಿಂತಿದ್ದ ಹೆಡ್ ಮಾಸ್ತರರು ಅದನ್ನು ವಾರ್ಷಿಕೋತ್ಸವದಲ್ಲಿ ಊರಿಗೆಲ್ಲ ಸಾರಿಬಿಟ್ಟರು. ಇನ್ನು ಕಲ್ಲು ಸಿಗದಿದ್ದರೆ ತಲೆ ಎತ್ತಿ ತಿರುಗುವ ಹಾಗಿರಲಿಲ್ಲ.

ಸೇಡಂ, ಶಹಾಬಾದ, ಮಳಖೇಡ, ಎಲ್ಲ ಕಡೆ ತಿರುಗಿದೆ. ಕಂಡವರಿಗೆಲ್ಲ ಶಾಪ ಹೇಳಿ ಹೆದರಿಸಿದೆ. ಕಾಗಿಣಾ ಹೊಳೆಯ ದಂಡೆಯಲ್ಲಿ ಹಳೆಯ ಕೆತ್ತನೆಯ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದ ಹೆಂಗಸಿಗೆ, "ಅವ್ವಾ, ಅರವತ್ತು ಸಾವಿರ ವರ್ಷ ಹುಳ ಆಗ್ತಿ ನೋಡು" ಎಂದೆ. ಅವಳು ಒಗೆತ ನಿಲ್ಲಿಸದೆ, "ಆಗವಲ್ಲದ್ಯಾಕ್ರಿ ಮಾಸ್ತರ, ಅಷ್ಟು ವರ್ಷ ಅರಿವಿ ಒಗಿಯೂದರೆ ತಪ್ತದ" ಎಂದಳು. ಇಂಥ ಜನ! ಮನೆಗೆ ಬಂದು ಬಚ್ಚಲಿನ ತಣ್ಣನೆಯ ಕಲ್ಲಿನ ಮೇಲೆ ನಿಂತು, ತಂಬಿಗೆ ತಂಬಿಗೆ ನೀರು ಸುರಿದುಕೊಂಡರೂ ನನ್ನ ತಲೆ ಆರುತ್ತಿರಲಿಲ್ಲ.

ಹೀಗಿರುವಾಗ ರಾವೂರಿನ ಬಸ್ಸು ನಿಲ್ದಾಣದಲ್ಲಿ ಗೌಂಡಿ ಭೀಮಶಾ ಸಿಕ್ಕ. ಎಂಟು ವರ್ಷದ ಹಿಂದೆ ನನ್ನ ಮನೆ ಕಟ್ಟಿದವನು. ಅವನ ಮುಂದೆಯೂ ಗೋಳು ತೋಡಿಕೊಂಡೆ. ಅವನು ಬೀಡಿ ಆರಿಸಿ ಹೇಳಿದ: "ಬರದ ಕಲ್ಲು ಹಂಗ ಹೊರಗ ಕಾಣ್ತಾವೇನ್ರಿ? ಅಕ್ಷರ ಅಂದ್ರ ಸರಸ್ವತಿ, ಕಾಲಿಲೆ ತುಳಿಬಾರದು. ಅದಕ್ಕ ನಾವು ಅದರ ಮಾರಿ ಕೆಳಗ ಮಾಡಿ ಹಾಸ್ತೀವಿ."

ಅಂದರೆ ಅಕ್ಷರದ ಮುಖ ನೆಲಕ್ಕೆ. ಎರಡು ವರ್ಷ ನಾನು ಕಲ್ಲುಗಳ ಬೆನ್ನು ನೋಡುತ್ತ ತಿರುಗಿದ್ದೆ!

"ಹಂಗ ಎಷ್ಟು ಹಾಸೀಯೋ ಮಾರಾಯ?"

"ಭಾಳ ಇಲ್ರಿ. ನಿಮ್ಮ ಬಚ್ಚಲದ್ದೊಂದು." ನನ್ನ ಮುಖ ನೋಡಿ ಅವನೇ ಗಾಬರಿಯಾದ. "ನಾ ಕೇಳಿದ್ನಲ್ರಿ ಸರ? ನಾಗಾವಿ ಕಡಿಂದ ಬಂಡ್ಯಾಗ ಒಂದು ಬರದ ಕಲ್ಲು ಬಂದದ, ಏನ್ ಮಾಡ್ಲಿ ಅಂತ. ನೀವು ಇತಿಹಾಸದ ಪೇಪರ್ ತಿದ್ದಲಿಕತ್ತಿದ್ರಿ. ತಲಿ ಎತ್ತಲೇ ಇಲ್ಲ. ಕಾಲು ಜಾರದಂಗ ಹಾಸು ಅಂದ್ರಿ."

ಅವನನ್ನು ಹಾರೆಸಮೇತ ಮನೆಗೆ ಎಳೆದು ತಂದೆ. "ನೀರು ಕಾದಾವ, ಜಳಕ ಮಾಡಿ ಕೆಡವ್ರಿ" ಎಂದಳು ನನ್ನ ಹೆಂಡತಿ. ಯಾರು ಕೇಳುತ್ತಾರೆ? ಕಲ್ಲು ಮಗುಚಿದೆವು. ಮಣ್ಣು ಒರೆಸಿದರೆ ಅಕ್ಷರ ನಿನ್ನೆ ಕೆತ್ತಿದ ಹಾಗಿತ್ತು. ನಾಗಾವಿಯಲ್ಲಿ ತುಂಡಾದ ಮಾತು ಇಲ್ಲಿ ಮುಂದುವರಿದಿತ್ತು. ಕೊನೆಯ ಸಾಲಿನಲ್ಲಿ ಶಾಪದ ಹುಳವೂ ಇತ್ತು. ಹೆಂಡತಿ ಜೋರಾಗಿ ಓದಲು ಹೇಳಿದಳು. ಓದುವಾಗ ನನ್ನ ದನಿ ಯಾರದೋ ಎನ್ನಿಸಿತು.

"ಇದು ಹಾಸಿದವ್ರಿಗ್ಯೋ, ನಿಂತು ಮೈ ತೊಳಕೊಂಡವ್ರಿಗ್ಯೋ?" ಎಂದಳು.

"ಹಾಸಿದಾಂವ ಮಾರಿ ಕೆಳಗ ಮಾಡಿ ಹಾಸ್ಯಾನ್ರಿ ಅಕ್ಕೋರ" ಎಂದು ಭೀಮಶಾ ಹಾರೆ ಹೆಗಲಿಗೇರಿಸಿದ.

ಮರುದಿನ ಶಾಲೆಯಲ್ಲಿ ಕಲ್ಲು ಸಿಕ್ಕಿದ್ದನ್ನು ತಿಳಿಸಿದೆ. ಹೆಡ್ ಮಾಸ್ತರರಿಗೆ ಹಿಡಿಸಲಾರದಷ್ಟು ಸಂತೋಷ. "ಎಲ್ಲಿ ಸಿಕ್ತು?" ಎಂದರು. ಯಾರದೋ ಮನೆಯ ಬಚ್ಚಲಲ್ಲಿ ಎಂದೆ. ಅವರು ಕಣ್ಣು ಕಿಸಿದು ನನ್ನನ್ನು ನೋಡಿದರು.

"ಛೀ ಛೀ! ಎಂಥಾ ಮಂದಿ ಇರ್ತಾರ್ರಿ! ಅವನ ಹೆಸರು ಹೇಳ್ರಿ, ಈ ಸಲದ ವಾರ್ಷಿಕೋತ್ಸವದಾಗ ಮಂದಿ ಮುಂದ ಹೇಳೇಬಿಡೂಣು."

ಭೀಮಶಾ ಕಲ್ಲಿಗೆ ಮಾಡಿದ್ದನ್ನೇ ನಾನು ನನಗೆ ಮಾಡಿಕೊಂಡೆ. ಮಾರಿ ಕೆಳಗೆ ಮಾಡಿ ನಿಂತೆ.