ಮನೆಗಾಡಿಯ ಬೆಳಕಿಂಡಿ

ಆ ಒಂದು ಹನಿ ನೀರು ಬೇರೆ ಯಾರ ಮೂಗಿನ ಮೇಲೆ ಬಿದ್ದಿದ್ದರೂ ಸಂಜೀವ ಸುಖವಾಗಿ ಇರುತ್ತಿದ್ದ. ಅದು ಇಡೀ ಗಾಡಿಯನ್ನು ಬಿಟ್ಟು ನೇರವಾಗಿ ಅವನ ಅತ್ತೆ ಕಮಲಾಬಾಯಿಯವರ ಮೂಗನ್ನೇ ಹುಡುಕಿಕೊಂಡು ಬಂತು.

ಸಂಜೀವ ಬೈಲಹೊಂಗಲದ ಕಾಲೇಜೊಂದರಲ್ಲಿ ಗ್ರಂಥಪಾಲಕ. ಊರೂರು ತಿರುಗುವ ಹುಚ್ಚು ಬಹಳ. ಆದರೆ ಲಾಡ್ಜಿನ ಹಾಸಿಗೆ ಕಂಡರೆ ಸಾಕು, ಮಲಗುವ ಮೊದಲೇ ಮೈ ತುರಿಸುತ್ತಿತ್ತು. ಹೀಗಿರುವಾಗ ಬೆಳಗಾವಿಯಲ್ಲಿ ಯಾರೋ ಒಂದು ಮಿನಿಬಸ್ಸನ್ನು ಮನೆಯ ಹಾಗೆ ಕಟ್ಟಿಸಿಕೊಂಡು, ಬೇಸರ ಬಂದು ಮಾರುತ್ತಿದ್ದಾರೆ ಎಂದು ಕಿವಿಗೆ ಬಿತ್ತು. ಒಳಗೆ ಎರಡು ಮಂಚ, ಒಂದು ಒಲೆ, ಕೈ ತೊಳೆಯಲು ಬಟ್ಟಲು. ಛಾವಣಿಯಲ್ಲಿ ಕೇರಂ ಬೋರ್ಡಿನಷ್ಟು ಅಗಲದ ಎರಡು ಬೆಳಕಿಂಡಿ, ಅವಕ್ಕೆ ಎತ್ತಿ ತೆರೆಯುವ ಗಾಜಿನ ಮುಚ್ಚಳ. ಆ ಬೆಳಕಿಂಡಿಯಲ್ಲಿ ಕಂಡ ಆಕಾಶದ ತುಂಡಿಗೇ ಸಂಜೀವ ಮರುಳಾದ. ಗಾಡಿ ತಂದು ಮನೆಯ ಮುಂದೆ ನಿಲ್ಲಿಸಿದ. ಓಣಿಯವರು ಅದಕ್ಕೆ 'ಮನಿಗಾಡಿ' ಎಂದು ಹೆಸರಿಟ್ಟರು.

ಮೊದಲ ಪ್ರವಾಸ ಹೂಲಿಗೆ, ಹೆಂಡತಿ ಮತ್ತು ಅತ್ತೆಯ ಜೊತೆ. ಹಳೆಯ ಗುಡಿಗಳನ್ನೆಲ್ಲ ನೋಡಿ, ಗಾಡಿಯಲ್ಲೇ ಅಡುಗೆ ಮಾಡಿ ಉಂಡು ಮಲಗಿದರು. ಮಳೆ ಬಂತು. ಹನಿ ಬಿತ್ತು. ಕಮಲಾಬಾಯಿ ಎದ್ದು ಕೂತವರು ಊರು ಮುಟ್ಟುವವರೆಗೂ ಮೂಗಿನ ಮೇಲಿನ ಸೆರಗು ತೆಗೆಯಲಿಲ್ಲ.

ಮನೆಗೆ ಬಂದ ಮೇಲೆ ಹೆಂಡತಿ ಹರಿಪ್ರಿಯಾ ಒಂದೇ ಮಾತು ಆಡಿದಳು. "ಈ ಮನಿಯೊಳಗ ಒಂದೋ ಆ ಗಾಡಿ ಇರಬೇಕು, ಇಲ್ಲಾ ನಾವಿಬ್ಬರು ತಾಯಿ ಮಗಳು ಇರಬೇಕು. ಯಾರು ಬೇಕು ವಿಚಾರ ಮಾಡ್ರಿ."

ಸಂಜೀವ ವಿಚಾರ ಮಾಡಲು ತುಸು ಹೆಚ್ಚು ಹೊತ್ತು ತೆಗೆದುಕೊಂಡದ್ದರಿಂದ ಪ್ರಕರಣ ಇನ್ನಷ್ಟು ಬಿಗಡಾಯಿಸಿತು. ಹರಿಪ್ರಿಯಾ ತಾನೇ ಗಿರಾಕಿ ಹುಡುಕಿದಳು. ರಾಮದುರ್ಗದ ಶೀತಲ್ ಎಂಬವರು. ಮದುವೆಗಳ ಪೆಂಡಾಲು, ಬ್ಯಾಂಡು, ಮೆರವಣಿಗೆ ಎಲ್ಲದರ ಕಂತ್ರಾಟು ಹಿಡಿಯುವವರು. ರವಿವಾರ ಮಧ್ಯಾಹ್ನ ಬಂದು ನೋಡುತ್ತೇನೆ ಎಂದರು.

"ಸೋರೋ ಗಾಡಿ ಯಾರು ತಗೋತಾರ? ಅವರು ಬರೂದರೊಳಗ ಅದನ್ನ ರಿಪೇರಿ ಮಾಡ್ರಿ," ಎಂದು ಅಪ್ಪಣೆಯಾಯಿತು.

ಸಂಜೀವ ಗ್ಯಾರೇಜಿಗೆ ಹೋದ. "ಇಂಜಿನ್ ಆದ್ರ ನಂದು, ಮ್ಯಾಳಗಿ ಸೋರಿದ್ರ ಗೌಂಡಿ ಕೆಲಸ," ಎಂದ ಗ್ಯಾರೇಜಿನವನು. ಮನೆ ಕಟ್ಟುವ ಗೌಂಡಿಯ ಹತ್ತಿರ ಹೋದರೆ, "ಗಾಲಿ ಇದ್ದದ್ದಕ್ಕ ನಾವು ಕೈ ಹಚ್ಚೂದಿಲ್ರಿ," ಎಂದ. ಹೀಗೆ ಗಾಡಿ ಮನೆಯೂ ಅಲ್ಲ, ಗಾಡಿಯೂ ಅಲ್ಲ ಎಂದು ತಿಳಿದು, ರವಿವಾರ ಬೆಳಿಗ್ಗೆ ಸಂಜೀವ ತಾನೇ ಏಣಿ ಹಾಕಿದ. ಕೈಯಲ್ಲಿ ಸಂದು ಮುಚ್ಚುವ ಅಂಟಿನ ಕೊಳವೆ, ಎದೆಯಲ್ಲಿ ಸಂಕಟ. ಮಗಳನ್ನು ಗಂಡನ ಮನೆಗೆ ಕಳಿಸುವ ಮುಂಚೆ ತಲೆ ಬಾಚುವ ತಂದೆಯಂತೆ ಛಾವಣಿಯನ್ನು ಒಂದು ಸಲ ಕೈಯಿಂದ ಸವರಿದ.

ಬೆಳಕಿಂಡಿಗಳ ಸುತ್ತಲಿನ ರಬ್ಬರು ಅಲ್ಲಲ್ಲಿ ಬಿರಿದಿತ್ತು, ತಂಗಳು ಹೋಳಿಗೆಯ ಅಂಚಿನ ಹಾಗೆ. ಎರಡರಲ್ಲಿ ಸೋರುವುದು ಯಾವುದು? ಅವನು ಕುಕ್ಕರುಗಾಲಲ್ಲಿ ಕೂತು ಒಮ್ಮೆ ಇದರ, ಒಮ್ಮೆ ಅದರ ಮುಖ ನೋಡುತ್ತಿದ್ದಾಗ ಕೆಳಗಿನಿಂದ ದನಿ ಬಂತು.

"ಸಾಹೇಬ್ರ, ಕಣ್ಣಿಲೆ ನೋಡಿದ್ರ ಸೋರುದು ಕಾಣ್ತೇತೇನ್ರಿ? ನೀರ ಬಿಡಬೇಕ್ರಿ, ನೀರ!"

ಪಕ್ಕದ ಮನೆಯ ಜಟ್ಟೆಪ್ಪ. ಊರಿನ ನೀರು ಸರಬರಾಜಿನಲ್ಲಿ ನೌಕರಿ ಮಾಡಿ ನಿವೃತ್ತರಾದವರು. ಈಗ ಓಣಿಯಲ್ಲಿ ಎಲ್ಲಿ ಏನು ತೊಟ್ಟಿಕ್ಕಿದರೂ ಅದು ತಮ್ಮದೇ ಇಲಾಖೆ ಎಂದು ಓಡಿ ಬರುತ್ತಿದ್ದರು. ಅವರು ಪೈಪು ಹಿಡಿದು ಏಣಿ ಏರಿಯೇ ಬಿಟ್ಟರು. ಅಷ್ಟರಲ್ಲಿ ಎದುರು ಮನೆಯ ಲಗಮವ್ವ ಎಮ್ಮೆಯ ಕೆಲಸ ಅರ್ಧಕ್ಕೆ ಬಿಟ್ಟು ಎರಡು ಬೋಗುಣಿ ತಂದಳು. "ನಾ ಒಳಗ ಕುಂತು ನೋಡತೇನಿ, ನೀವು ಮ್ಯಾಲಿಂದ ಬಿಡ್ರಿ," ಎಂದು ಗಾಡಿಯೊಳಗೆ ಹೋಗಿ ಕೂತಳು.

ನೀರು ಹರಿಯಿತು.

"ಸೋರ್ತೇತೇನ್ ಬೇ?" ಜಟ್ಟೆಪ್ಪ ಕೂಗಿದರು.

"ಸೋರಾಕತ್ತೇತಿ!"

"ಯಾವ ಕಿಂಡಿ?"

"ಮುಂದಿಂದು!"

ಸಂಜೀವ ಮುಂದಿನ ಬೆಳಕಿಂಡಿಯ ಹಳೆಯ ರಬ್ಬರನ್ನೆಲ್ಲ ಕೆರೆದು ತೆಗೆದು, ಹೊಸ ಅಂಟು ಬಳಿದ. ಮತ್ತೆ ನೀರು.

"ಈಗ?"

"ಈಗೂ ಮುಂದಿಂದ!"

ಮತ್ತೆ ಅಂಟು. ಮತ್ತೆ ನೀರು. ಮತ್ತೆ ಮುಂದಿಂದ. ಸಂಜೀವನಿಗೆ ಸಂಶಯ ಬಂದು ಕೆಳಗಿಳಿದು ನೋಡಿದರೆ, ಲಗಮವ್ವ ಡ್ರೈವರಿನ ಕಡೆ ಬೆನ್ನು ಮಾಡಿ, ಹಿಂದಿನ ಬಾಗಿಲಿಗೆ ಮುಖ ಮಾಡಿ ಕೂತಿದ್ದಾಳೆ.

"ಲಗಮವ್ವ, ನೀ ತೋರಸಾಕತ್ತಿದ್ದು ಹಿಂದಿಂದಲ್ಲ?"

"ನನ್ನ ಮುಂದ ಇದ್ದದ್ದು ಹಿಂದಿಂದ ಹೆಂಗಾಕ್ಕೇತ್ರಿ?" ಎಂದು ಅವಳೇ ಕೇಳಿದಳು.

ಪುಸ್ತಕಗಳಿಗೆ ನಂಬರು ಹಚ್ಚುವ ಗ್ರಂಥಪಾಲಕನ ಬುದ್ಧಿ ಸಂಜೀವನಲ್ಲಿ ಎಚ್ಚರವಾಯಿತು. ಇನ್ನು ಮುಂದು ಹಿಂದು ಬೇಡ ಎಂದು ಅವನು ಕಾನೂನು ಮಾಡಿದ. ಗಾಡಿಯ ಮೂತಿ ಪೂರ್ವಕ್ಕಿತ್ತು. ಆದ್ದರಿಂದ ಡ್ರೈವರಿನ ಕಡೆಯದು ಪೂರ್ವದ ಕಿಂಡಿ, ಬಾಗಿಲ ಕಡೆಯದು ಪಶ್ಚಿಮದ ಕಿಂಡಿ. ಎಲ್ಲರೂ ಒಪ್ಪಿದರು. ಅಷ್ಟರಲ್ಲಿ ಹಾಲಿನ ಟೆಂಪೋ ಬಂದು ದಾರಿ ಬಿಡಿ ಎಂದು ಹಾರ್ನು ಒತ್ತಿತು. ಸಂಜೀವ ಗಾಡಿಯನ್ನು ಹಿಂದೆ ಮುಂದೆ ಮಾಡಿ, ಸುತ್ತು ಹೊಡೆಸಿ, ಪುನಃ ತಂದು ನಿಲ್ಲಿಸಿದ. ಈಗ ಗಾಡಿಯ ಮೂತಿ ಪಶ್ಚಿಮಕ್ಕೆ. ಅದು ಯಾರ ಲಕ್ಷ್ಯಕ್ಕೂ ಬರಲಿಲ್ಲ, ಲಗಮವ್ವ ಒಬ್ಬಳನ್ನು ಬಿಟ್ಟು. ಅವಳು ಸೂರ್ಯನನ್ನು ನೋಡಿ ದಿಕ್ಕು ಹೇಳುವವಳು.

ಸಂಜೀವ ಬಾಗಿಲ ಕಡೆಯ ಕಿಂಡಿಗೆ ಅಂಟು ಬಳಿದು ನೀರು ಬಿಡಿಸಿದ.

"ಪಶ್ಚಿಮದ್ದು ಸೋರಾಕತ್ತೇತಿ!" ಒಳಗಿನಿಂದ ಕೂಗು.

ನಿಜಕ್ಕೂ ಈಗ ಸೋರುತ್ತಿದ್ದದ್ದು ಡ್ರೈವರಿನ ಕಡೆಯದು. ಬಿರಿದಿದ್ದರೂ ಬೆಳಿಗ್ಗೆ ಸೋರದೆ ಇದ್ದ ಅದರ ರಬ್ಬರನ್ನು ಸಂಜೀವನೇ ಕೆರೆದು ತೆಗೆದಿದ್ದ, ಬಳಿದ ಅಂಟು ಒಣಗುವ ಮೊದಲೇ ನೀರಿಗೆ ಕೊಚ್ಚಿಹೋಗಿತ್ತು. ಆದರೆ ಅವನ ಲೆಕ್ಕದಲ್ಲಿ ಪಶ್ಚಿಮವೆಂದರೆ ಬಾಗಿಲ ಕಡೆಯದು. ಇದ್ದಬದ್ದ ಅಂಟನ್ನೆಲ್ಲ ಅದಕ್ಕೇ ಸುರಿದ. ಕೊನೆಗೆ ಯಾವುದು ಸೋರುತ್ತದೆ, ಯಾವುದು ಸೋರುತ್ತಿತ್ತು, ತಾನು ಯಾವ ಕಡೆ ಮುಖ ಮಾಡಿ ನಿಂತಿದ್ದೇನೆ ಎಂಬುದು ಒಂದೂ ತಿಳಿಯದೆ ತಲೆ ಹಿಡಿದುಕೊಂಡು ಕೂತ.

"ಮೊದಲ ಊಟಕ್ಕ ಬರ್ರಿ, ಆಮ್ಯಾಲ ಬೇಕಾದಷ್ಟು ಕೂಡಬಹುದು," ಎಂದು ಹರಿಪ್ರಿಯಾ ಕರೆದಳು.

ಅವನು ಉಣ್ಣುತ್ತಿದ್ದಾಗ ಜಟ್ಟೆಪ್ಪ ಸುಮ್ಮನೆ ಕೂಡಲಿಲ್ಲ. ಅವರ ಹಿತ್ತಲಲ್ಲಿ ರಸ್ತೆ ಕೆಲಸದವರು ಬಿಟ್ಟುಹೋದ ಡಾಂಬರಿನ ಡಬ್ಬಿ ಇತ್ತು. ಅದನ್ನು ಕಾಯಿಸಿ ತಂದು ಹಿಂದಿನ ಬೆಳಕಿಂಡಿಯ ಮೇಲೆ ಗಾಜು ಕಾಣದಂತೆ ಹೊಯ್ದರು. ಲಗಮವ್ವ ಅದನ್ನು ನೋಡಿ ಮೂಗು ಮುರಿದಳು. "ಬಿಸಿಲಿಗೆ ಡಾಂಬರ ಕರಗುದಿಲ್ಲೇನ್ರಿ? ನಮ್ಮ ಮ್ಯಾಳಗಿ ನಮ್ಮತ್ತಿ ಕಾಲದಿಂದ ಒಂದು ಹನಿ ಸೋರಿಲ್ಲ. ಸವುಳ ಮಣ್ಣ ಬೇಕು," ಎಂದು ಬುಟ್ಟಿಗಟ್ಟಲೆ ಉಪ್ಪು ಮಣ್ಣು ಹೊತ್ತು ತಂದು ಅದರ ಮೇಲೆ ಹರವಿ, ನೀರು ಚಿಮುಕಿಸಿ, ಕೈಯಿಂದ ಬಡಿಬಡಿದು ನುಣ್ಣಗೆ ಮಾಡಿದಳು.

ಸಂಜೀವ ಕೈ ಒರೆಸಿಕೊಳ್ಳುತ್ತ ಏಣಿ ಹತ್ತಿ ಬಂದು ನೋಡಿದ. ಗಾಡಿಯ ಹಿಂದಿನ ಅರ್ಧ ಭಾಗ ಪಕ್ಕಾ ಹಳ್ಳಿಮನೆಯ ಮಾಳಿಗೆಯಾಗಿತ್ತು. ಇನ್ನೊಂದು ಮಳೆ ಬಿದ್ದರೆ ಹುಲ್ಲು ಬೆಳೆಯುವಂತಿತ್ತು.

"ಹೆಂಗಾಗೇತ್ರಿ?" ಲಗಮವ್ವ ಕೆಳಗಿನಿಂದ ಕೇಳಿದಳು. "ಇನ್ನ ನೀವು ಅಲ್ಲೇ ಹಪ್ಪಳಾ ಒಣಗಸಬೌದು."

ಬೆಳಿಗ್ಗೆ ಆ ಗಾಡಿಯನ್ನು ಬಿಟ್ಟುಕೊಡಬೇಕಲ್ಲ ಎಂದು ಮರುಗಿದ್ದ ಮನುಷ್ಯನ ಮನಸ್ಸಿನಲ್ಲಿ ಈಗ ಮೊದಲ ಸಲ, ಯಾರಾದರೂ ಇದನ್ನು ಬೇಗ ಒಯ್ದರೆ ಸಾಕಪ್ಪ ಎಂಬ ಭಾವನೆ ಮೂಡಿತು. ಇಳಿಯೋಣವೆಂದು ತಿರುಗಿದರೆ ಏಣಿ ಇಲ್ಲ. ಕೆಲಸ ಮುಗಿಯಿತೆಂದು ಜಟ್ಟೆಪ್ಪ ಅದನ್ನು ಹೊತ್ತು ಒಳಗಿಡಲು ಹೋಗಿದ್ದರು. ಲಗಮವ್ವ ಎಮ್ಮೆಯ ಕಡೆ ನಡೆದಿದ್ದಳು.

ಸಂಜೀವ ಒಂದು ಉಪಾಯ ಹೂಡಿದ. ಮುಂದಿನ ಬೆಳಕಿಂಡಿಯ ಮುಚ್ಚಳ ಎತ್ತಿ, ಕಾಲು ಒಳಗೆ ಬಿಟ್ಟು, ಮೆಲ್ಲಗೆ ಇಳಿಯತೊಡಗಿದ. ಸೊಂಟದವರೆಗೆ ಇಳಿದದ್ದೇ ತಡ, ಮುಚ್ಚಳವನ್ನು ಎತ್ತಿ ಹಿಡಿಯುವ ಕಬ್ಬಿಣದ ತೋಳು ಅವನ ಬೆಲ್ಟಿಗೆ ಸಿಕ್ಕಿಕೊಂಡಿತು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ.

ಒಳಗೆ ಕಮಲಾಬಾಯಿ ಇದ್ದರು. ಅಳಿಯ ಸೋರುವಿಕೆ ನಿಲ್ಲಿಸಿದ್ದು ನಿಜವೋ ಸುಳ್ಳೋ ಎಂದು ಪರೀಕ್ಷೆ ಮಾಡಲು ಆಗಷ್ಟೇ ಬಂದು ಮಂಚದ ಮೇಲೆ ಕೂತಿದ್ದರು. ಮೇಲೆ ನೋಡಿದರೆ ಆಕಾಶದ ಬದಲು ಎರಡು ಕಾಲು ಜೋತಾಡುತ್ತಿವೆ.

"ಅಯ್ಯೋ, ಕಳ್ಳ! ಹರೀ, ಬಾರವಾ, ಮ್ಯಾಲಿಂದ ಕಳ್ಳ ಇಳ್ಯಾಕತ್ತಾನ!" ಎಂದು ಕೂಗುತ್ತ, ಒಲೆಯ ಪಕ್ಕದಲ್ಲಿದ್ದ ಲಟ್ಟಣಿಗೆ ತೆಗೆದುಕೊಂಡು ಆ ಕಾಲುಗಳಿಗೆ ಬಾರಿಸತೊಡಗಿದರು.

"ನಾನ್ರೀ! ನಾನು! ನಿಮ್ಮ ಅಳಿಯಾ!" ಸಂಜೀವ ಆಕಾಶಕ್ಕೆ ಎರಡೂ ಕೈ ಎತ್ತಿ ಒದರಿದ.

ಸರಿಯಾಗಿ ಆಗಲೇ ಓಣಿಯಲ್ಲಿ ಒಂದು ಕಾರು ಬಂದು ನಿಂತಿತು. ಬಿಳಿ ಪ್ಯಾಂಟು, ಕಪ್ಪು ಕನ್ನಡಕದ ಶೀತಲ್ ಇಳಿದರು. ಗಾಡಿಯ ನೆತ್ತಿಯಿಂದ ಅರ್ಧ ಮನುಷ್ಯ ಎದ್ದು ನಿಂತು, ಎರಡೂ ಕೈ ಮೇಲೆತ್ತಿ ಆವೇಶದಿಂದ ಏನೋ ಹೇಳುತ್ತಿದ್ದಾನೆ. ಶೀತಲ್ ಕನ್ನಡಕ ತೆಗೆದು ನೋಡಿದರು.

"ಭಾರಿ!" ಎಂದರು. "ಏ ಭಾರಿ ಅದರೀ! ನಮಗ ಬೇಕಾದದ್ದ ಇದು!"

ಹರಿಪ್ರಿಯಾ ಓಡಿ ಬಂದು ಏಣಿ ತರಿಸಿ ಗಂಡನನ್ನು ಬಿಡಿಸುವವರೆಗೆ ಶೀತಲ್ ವಿವರ ಹೇಳುತ್ತಲೇ ಇದ್ದರು. ಈಗಿನ ಮದುಮಕ್ಕಳಿಗೆ ಕುದುರೆ ಬೇಡವಂತೆ. ಹೋದ ತಿಂಗಳು ರಾಮದುರ್ಗದಲ್ಲಿ ಬ್ಯಾಂಡಿಗೆ ಬೆದರಿದ ಕುದುರೆ ಮದುಮಗನನ್ನು ಹೊತ್ತು ಕಬ್ಬಿನ ಹೊಲ ಸೇರಿತ್ತಂತೆ. ಅಂದಿನಿಂದ ಎಲ್ಲರೂ ನೆತ್ತಿ ತೆರೆಯುವ ಗಾಡಿಯನ್ನೇ ಕೇಳುತ್ತಾರಂತೆ.

"ಮುಂದಿನ ಕಿಂಡ್ಯಾಗ ಮದುಮಗಾ, ಹಿಂದಿನ ಕಿಂಡ್ಯಾಗ ಮದುಮಗಳು," ಎಂದ ಶೀತಲ್ ಏಣಿ ಹತ್ತಿ ಇಣುಕಿದರು. "ಎರಡನೇದು ಎಲ್ಲದರೀ? ಇಲ್ಲೇನು ಹೊಲಾ ಮಾಡೀರಿ?"

"ಅದರ ಕೆಳಗ ಅದರಿ," ಎಂದ ಸಂಜೀವ ಕ್ಷೀಣವಾಗಿ. "ಸೋರಬಾರದು ಅಂತ..."

"ಸೋರಲಿ ಬಿಡ್ರಿ! ಮದುವಿಗೆ ತೆರದ ಇರಬೇಕು ಅದು. ಒಂದ ಕಿಂಡಿ ಇದ್ರ ಮೆರವಣಿಗಿ ಆದೀತು, ಮದುವಿ ಆಗೂದಿಲ್ಲ. ಎರಡೂ ತೆರೀರಿ, ಇವತ್ತ ಗಾಡಿ ಒಯ್ಯತೀನಿ."

ಇವತ್ತೇ! ಸಂಜೀವನಿಗೆ ಹಬ್ಬವಾಯಿತು. ಗುದ್ದಲಿ ತಂದು ಮಣ್ಣು ಕೆದರಿದ. "ಹಾಕಿದ ಕೈ ಇನ್ನ ಒಣಗಿಲ್ಲ, ಕಿತ್ತಾಕತ್ತೀರಿ," ಎಂದು ಲಗಮವ್ವ ಸಿಟ್ಟಾಗಿ ಬೋಗುಣಿ ತೆಗೆದುಕೊಂಡು ಹೋದಳು. ಡಾಂಬರು ಮಾತ್ರ ಜಪ್ಪಯ್ಯ ಅಂದರೂ ಬಿಡಲಿಲ್ಲ. ಜಟ್ಟೆಪ್ಪ ಸುತ್ತಿಗೆ ಕೊಟ್ಟರು. ಸಂಜೀವ ಬೀಸಿದ. ಡಾಂಬರಿನ ಸಂಗಡ ಗಾಜೂ ಒಡೆದು ಒಳಗೆ ಬಿತ್ತು. ಆ ಶಬ್ದ ಅವನಿಗೆ ಮಂಗಳವಾದ್ಯದಂತೆ ಕೇಳಿಸಿತು. ಇನ್ನು ತನ್ನದಲ್ಲವಲ್ಲ!

ಒಳಗೆ ಗಾಜು ಗುಡಿಸಿದ ಮೇಲೆ ಶೀತಲ್, "ಒಂದು ಸುತ್ತು ಹೋಗಿ ಬರ್ರಿ, ಹೊರಗಿಂದ ಹೆಂಗ ಕಾಣತದ ನೋಡತೀನಿ. ಯಾರರ ಇಬ್ಬರು ನಿಂದರ್ರಿ," ಎಂದರು. ಯಾರೂ ಮುಂದೆ ಬರಲಿಲ್ಲ. ವ್ಯವಹಾರ ಕೆಡಬಾರದೆಂದು ಹರಿಪ್ರಿಯಾ ತಾನೇ ಮಂಚ ಹತ್ತಿ ಮುಂದಿನ ಕಿಂಡಿಯಲ್ಲಿ ನಿಂತಳು. ಹಿಂದಿನದರಲ್ಲಿ, ಸ್ಟೂಲಿನ ಮೇಲೆ, ಬೇಡ ಬೇಡ ಎನ್ನುತ್ತಲೇ ಕಮಲಾಬಾಯಿ.

ಸಂಜೀವ ಗಾಡಿ ಹೊರಡಿಸಿದ. ಶೀತಲ್ ಕಾರಿನಲ್ಲಿ ಹಿಂದೆ. ಬಜಾರಿಗೆ ಬರುವಷ್ಟರಲ್ಲಿ ಜನ ನಿಂತು ನೋಡತೊಡಗಿದರು. ಎದುರಿನ ಟ್ರ್ಯಾಕ್ಟರಿನವನು ಯಾರೋ ದೊಡ್ಡವರೆಂದು ಬದಿಗೆ ಸರಿದು ನಮಸ್ಕಾರ ಮಾಡಿದ. ಹೂವಿನವಳು ಒಂದು ಹಿಡಿ ಶೇವಂತಿಗೆ ತೂರಿದಳು. ಇದ್ಯಾವುದೂ ಸಂಜೀವನಿಗೆ ಅರ್ಥವಾಗಲಿಲ್ಲ. ಅವನಿಗೆ ಕನ್ನಡಿಯಲ್ಲಿ ಕಾಣುತ್ತಿದ್ದದ್ದು ನಾಲ್ಕು ಪಾದಗಳು. ಕೇಳುತ್ತಿದ್ದದ್ದು ಮೇಲಿನಿಂದ ಕಿಲಕಿಲ ನಗು. ಇವರು ಯಾಕೆ ನಗುತ್ತಾರೆ, ಜನ ಯಾಕೆ ಕೈ ಬೀಸುತ್ತಾರೆ ಎಂದು ಗೊಂದಲದಲ್ಲೇ ಗಾಡಿ ಹೊಡೆದ. ಮನೆಯ ಕಡೆ ತಿರುಗಿಸಲು ಹೋದರೆ ಒಂದು ಪಾದ ಮಂಚಕ್ಕೆ ಧಪಧಪ ಬಡಿಯಿತು.

"ಇನ್ನೊಂದು ಸುತ್ತು ಹೋಗೂಣ್ರೀ!" ಹರಿಪ್ರಿಯಾಳ ದನಿ.

"ಎಪಿಎಂಸಿ ಕಡೆಯಿಂದ ಹೋಗ್ರಿ," ಎಂದು ಕಮಲಾಬಾಯಿ ಕೂಡಿಸಿದರು.

ಮನೆ ಮುಟ್ಟಿದಾಗ ಹೊತ್ತು ಇಳಿದಿತ್ತು. ಶೀತಲ್ ಖುಷಿಯಿಂದ ಕೈ ಚಾಚಿದರು. "ಪಕ್ಕಾ ಆತ್ರಿ. ಗಾಡಿ ಕಾಗದ ಕೊಡ್ರಿ."

ಸಂಜೀವ ಒಳಗೆ ಓಡಲು ಹೆಜ್ಜೆ ಎತ್ತಿದ. ಗಾಳಿಗೆ ಕೆದರಿದ ಕೂದಲಲ್ಲಿ ಶೇವಂತಿಗೆ ಸಿಕ್ಕಿಸಿಕೊಂಡ ಹರಿಪ್ರಿಯಾ ಬಾಗಿಲಲ್ಲಿ ಅಡ್ಡ ನಿಂತಳು.

"ಕ್ಷಮಾ ಮಾಡ್ರಿ ಶೀತಲ್ ಅವರ, ಈ ಗಾಡಿ ಕೊಡೂದಿಲ್ಲ."

"ಏನು?" ಎಂದವನು ಶೀತಲ್ ಅಲ್ಲ, ಸಂಜೀವ.

"ನಮ್ಮನಿಯವರು ಎಷ್ಟು ಆಸೆಪಟ್ಟು ಹೌಸಿಲೆ ತಗೊಂಡಾರ. ಮುಂಜಾನಿಂದ ಅದಕ್ಕ ಎಷ್ಟು ಬಡದಾಡಿದರು, ನೋಡಿದ್ರ ಕರುಳು ಚುರ್ ಅಂತದ. ಹೆಂಗ ಮಾರೂದು?"

"ಮಾರೂಣು!" ಸಂಜೀವ ಹೆಚ್ಚುಕಡಿಮೆ ಅತ್ತ. "ನನಗ ಏನೂ ಹೌಸಿಲ್ಲ! ಒಯ್ಯಲಿ! ನೀನ ಅಂದಿದ್ದಿ ಅಲ್ಲ!"

"ಬಾಯಿಲೆ ಹಂಗಂತಾರ, ಮನಸಿನ್ಯಾಗಿಲ್ಲ," ಎಂದು ಹರಿಪ್ರಿಯಾ ಶೀತಲ್‌ಗೆ ಸಮಾಧಾನ ಹೇಳಿದಳು. ಗಂಡ ಹೆಂಡಿರ ನಡುವೆ ಬರುವುದು ಬೇಡವೆಂದು ಶೀತಲ್ ಚಹಾ ಸಹ ಕುಡಿಯದೆ ಕಾರು ಹತ್ತಿದರು. ಕಾರಿನ ಹಿಂದೆ ಸಂಜೀವ ನಾಲ್ಕು ಹೆಜ್ಜೆ ಓಡಿದ. ಧೂಳು ಬಿಟ್ಟು ಏನೂ ಸಿಗಲಿಲ್ಲ.

"ನಾಳೆ ಕಾಲೇಜಿಗೆ ರಜಾ ಹಾಕ್ರಿ," ಹರಿಪ್ರಿಯಾ ಹೇಳಿದಳು. "ಸವದತ್ತಿಗೆ ಹೋಗೂಣು. ಉಗರಗೋಳದ ದಾರಿಯೊಳಗ ಮಂದಿ ಭಾಳ ಇರತಾರ, ಎಲ್ಲಾರೂ ನೋಡತಾರ. ಬರೂ ವಾರ ಕಿತ್ತೂರು."

ಸಂಜೀವ ಗಾಡಿಯ ನೆತ್ತಿಯನ್ನು ನೋಡಿದ. ಒಂದು ಕಿಂಡಿಗೆ ರಬ್ಬರಿಲ್ಲ, ಇನ್ನೊಂದಕ್ಕೆ ಗಾಜೇ ಇಲ್ಲ. ಧಾರವಾಡದ ಕಡೆ ಮೋಡ ಕಪ್ಪಗಾಗುತ್ತಿತ್ತು.

"ಅಲ್ಲ, ಮಳಿ ಬಂದ್ರ?" ಎಂದು ಕೊನೆಯ ಆಸೆಯಿಂದ ಅತ್ತೆಯ ಮುಖ ನೋಡಿದ.

"ಬರಲಿ ಬಿಡ್ರಿ," ಎಂದರು ಕಮಲಾಬಾಯಿ, ಅಳಿಯನ ಮೇಲೆ ಹಿಂದೆಂದೂ ಇಲ್ಲದ ವಾತ್ಸಲ್ಯದಿಂದ. "ನಾವಿಬ್ಬರೂ ಛತ್ರಿ ಹಿಡಕೊಂಡು ಮ್ಯಾಲ ನಿಂತಿರತೀವಿ. ಸೋರಿದ್ರ ಒಳಗಿದ್ದವರಿಗೆ ಸೋರತದ, ನಮಗೇನು?"

ಒಳಗಿರುವವರು ಯಾರು ಎಂದು ಸಂಜೀವ ಎಣಿಸಿ ನೋಡಿದ. ಎಷ್ಟು ಸಲ ಎಣಿಸಿದರೂ ಡ್ರೈವರ್ ಒಬ್ಬನೇ ಆಗುತ್ತಿದ್ದ.