ನಮ್ಮ ಸಾಲಿಯೊಳಗ ಹಾರಿದ ರಾಕೆಟ್ಟು

ರಾಕೆಟ್ ಹಾರೋದು ದೂರದ ಸಮುದ್ರದ ದಂಡಿಮ್ಯಾಲೆ, ಅದರ ಗದ್ದಲ ಮಾತ್ರ ಪ್ರತಿ ಸಲ ನಮ್ಮ ಸಾಲಿಯೊಳಗ. ಹಿಂಗ್ಯಾಕಂತ ನನ್ನ ಕೇಳಬ್ಯಾಡ್ರಿ. ಕುಷ್ಟಗಿ, ಯಲಬುರ್ಗಾ ನಡುವಿನ ಒಂದು ಹಳ್ಳಿಯೊಳಗ ಮೂವತ್ತು ವರ್ಷ ವಿಜ್ಞಾನ ಕಲಿಸಿದಾವ ನಾನು. ಈಗ ನಿವೃತ್ತಿಯಾಗಿ ಕೊಪ್ಪಳದಾಗ ಆರಾಮ ಅದೀನಿ. ಆರಾಮ ಅದೀನಿ ಅಂತ ಹೇಳೋದಷ್ಟ, ಆ ಸಾಲಿ ಭಾಳ ನೆನಪಾಗತೈತಿ.

ನಂದು ಒಂದ ಹಂಬಲ ಇತ್ತು. ನೌಕರಿ ಮುಗಿಯೋದ್ರೊಳಗ ಒಂದರೆ ರಾಕೆಟ್ ನೆಲ ಬಿಟ್ಟು ಏರೋದನ್ನ, ಅದು ಏರೂ ಹೊತ್ತಿಗೇ, ನನ್ನ ಹುಡುಗರಿಗೆ ತೋರಿಸಬೇಕು. ಕರಿಹಲಗಿಮ್ಯಾಲೆ ಸುಣ್ಣದಕಡ್ಡಿಲೆ ರಾಕೆಟ್ ಬರದೂ ಬರದೂ ನನಗ ಸಾಕಾಗಿತ್ತು.

ಬಲೂನು

ಸಾಲಿಗೆ ಟಿವಿ ಬರೋಕಿಂತ ಮೊದಲ ನನ್ನ ರಾಕೆಟ್ ಅಂದ್ರ ಬಲೂನು. ಗಾಳಿ ಹಿಂದಕ ಹೋದ್ರ ಬಲೂನು ಮುಂದಕ ಹೋಗತೈತಿ, ರಾಕೆಟ್ಟೂ ಹಂಗ, ಅಂತ ಹೇಳಿ ಒಂದು ದಿನ ಉಬ್ಬಿಸಿ ಬಿಟ್ಟೆ. ಅದು ಮಾಡಿಗೆ ಬಡದು, ಬಾಗಿಲದಾಗಿಂದ ಹೊರಗ ಹೋಗಿ, ಎದುರಿಗಿದ್ದ ಅಡಗಿಖೋಲಿ ಹೊಕ್ಕಿತು. ಹುಡುಗರು ಚಪ್ಪಾಳಿ ತಟ್ಟಿದ್ರು. ಪಾಠ ಛಲೋ ಆತು ಅಂತ ನನಗೂ ಖುಷಿ.

ಐದು ನಿಮಿಷಕ್ಕ ಬಿಸಿಯೂಟ ಮಾಡೂ ಅಕ್ಕ ಬಾಗಿಲದಾಗ ಬಂದು ನಿಂತಳು. ಕೈಯಾಗ ಸೌಟು, ಸೌಟಿನ್ಯಾಗ ಬ್ಯಾಳಿ ಹತ್ತಿದ ಬಲೂನು.

“ಸರ, ನಿಮ್ಮ ಪಾಠ ಬೆಂದೈತಿ, ತಗೋರಿ.”

ಸೀನು

ಮುಂದ ಸಾಲಿಗೆ ದೊಡ್ಡ ಟಿವಿ ಬಂತು. ಒಂದು ರಾಕೆಟ್ ಹಾರೂ ದಿನ ಅದನ್ನ ಹೆಡ್ ಮಾಸ್ತರ ಮೊಬೈಲಿನ ನೆಟ್ಟಿಗೆ ಜೋಡಿಸಿ ಎಲ್ಲಾರೂ ಕುಂತ್ವಿ. ಹತ್ತು, ಒಂಬತ್ತು, ಎಂಟು ಅಂತ ಎಣಿಕಿ ಶುರು ಆತು. ಏಳಕ್ಕ ಹೆಡ್ ಮಾಸ್ತರು ಗಟ್ಟ್ಯಾಗಿ ಒಂದು ಸೀನಿದ್ರು.

ನಮ್ಮ ಕಡೆ ಯಾರರೆ ಹೊಂಟಾಗ ಸೀನಿದ್ರ ಹೊಂಟಾವ್ರು ಹೊಳ್ಳಿ ಬಂದು, ಒಂದೀಟು ಕುಂತು, ನೀರು ಕುಡದು ಹೋಗಬೇಕು. ಹೆಡ್ ಮಾಸ್ತರು ಇದನ್ನ ಎಂದೂ ತಪ್ಪಿಸಿದಾವ್ರಲ್ಲ. ಎದ್ದಾವ್ರ ಟಿವಿ ಬಂದ್ ಮಾಡಿ, ನಮ್ಮನ್ನೆಲ್ಲ ಸುಮ್ನ ಕುಂದ್ರಿಸಿ, ತಾವೂ ಒಂದು ಗ್ಲಾಸು ನೀರು ಕುಡದ್ರು. ಸರ, ಅದು ನಮಗ ಕಾಯೂದಿಲ್ರಿ ಅಂತ ನಾನು ಅಂಗಲಾಚಿದೆ. ಕೇಳಬೇಕಲ್ಲ. ಹೊಳ್ಳಿ ಟಿವಿ ಹಚ್ಚೂದ್ರಾಗ ರಾಕೆಟ್ ಯಾವಾಗೋ ಹೋಗಿತ್ತು, ವಿಜ್ಞಾನಿಗಳು ಒಬ್ಬರಿಗೊಬ್ಬರು ಕೈ ಕೊಡಾಕತ್ತಿದ್ರು.

ಹೆಡ್ ಮಾಸ್ತರು ನನ್ನ ಬೆನ್ನು ತಟ್ಟಿದ್ರು. “ನೋಡ್ರಿ, ನಾವು ತಡದದ್ದು ಛಲೋ ಆತು. ಸುರಳೀತ ಹೋತು.”

ಕರೆಂಟು

ಎರಡನೇ ಸಲ ಎಣಿಕಿ ಮೂರಕ್ಕ ಬಂದಾಗ ಕರೆಂಟ್ ಹೋತು. ಇದರಾಗ ನಗೂವಂಥಾದ್ದು ಏನಿಲ್ಲ, ಲೆಕ್ಕ ತಪ್ಪಬಾರದಂತ ಹೇಳಿದೆ.

ವಿಡಿಯೋ ಹಿಡದಾವ

ಮೂರನೇ ಸಲಕ್ಕ ನನ್ನ ನಿವೃತ್ತಿಗೆ ಹದಿನೈದ ದಿನ ಉಳಿದಿದ್ವು. ಇದು ತಪ್ಪಿದ್ರ ಮುಗೀತು. ಹೆಡ್ ಮಾಸ್ತರನ್ನ ಏನೋ ನೆವ ಹೇಳಿ ಆಫೀಸಿನ್ಯಾಗ ಕುಂದ್ರಿಸಿದ್ದೆ. ಕರೆಂಟಿನ ಭರೋಸ ಇಲ್ಲಂತ ಮನಿಯಿಂದ ಇನ್ವರ್ಟರು, ಬ್ಯಾಟರಿ ಎರಡೂ ಹೊತ್ಗೊಂಡು ಬಂದಿದ್ದೆ.

ಈ ಸಲ ರಾಕೆಟ್ಟಿನ ಮೈಗೇ ಕ್ಯಾಮೆರಾ ಕಟ್ಟಿದ್ರು, ಕೆಳಗ ಮುಖ ಮಾಡಿ. ಬೆಂಕಿ ಹತ್ತಿದ್ದಷ್ಟ ತಡ, ನೆಲ ನಮ್ಮ ಕಾಲ ಬುಡಕಿಂದ ಜಾರಿಧಂಗಾತು. ಮೊದಲ ಸಮುದ್ರದ ದಂಡಿ ಕಂಡಿತು, ಆಮ್ಯಾಲೆ ಮೋಡ. ಬಿಸಿಯೂಟದ ಅಕ್ಕನೂ ಬಂದು ನನ್ನ ಹಿಂದ ನಿಂತಿದ್ದಳು. ಅಕಿ ತಮ್ಮಂದು ಮದಿವಿ ವಿಡಿಯೋ ತಗಿಯೂ ಕೆಲಸ, ಮೆರವಣಿಗಿ ಗಾಡಿಗೆ ಜೋತುಬಿದ್ದು ತಗಿಯೋ ಪೈಕಿ ಅಂವ. ಹಂಗಾಗಿ ಅಕಿ ಕೇಳಿದ್ದು ಒಂದ ಮಾತು, ಇದನ್ನ ಹಿಡದಾವ ಯಾರ ಮಗ ಅಂತ. ನನ್ನ ಜೀವ ಎಲ್ಲಾ ಟಿವಿಯೊಳಗಿತ್ತು.

ಅಷ್ಟರಾಗ ಉರದು ಮುಗಿದ ಕೆಳಗಿನ ಭಾಗ ಕಳಚಿ, ಉಳ್ಳಾಡಕೋತ ದೂರ ಹೋತು. ಹುಡುಗರು ಚಪ್ಪಾಳಿ ತಟ್ಟಿದ್ರು. ಅಕ್ಕ ನನ್ನ ಕುರ್ಚಿ ಗಟ್ಟ್ಯಾಗಿ ಹಿಡಕೊಂಡು, ಆ ವಿಡಿಯೋ ಹಿಡದ ಹುಡುಗ ಸುರಳೀತ ಇಳದ್ರ ಹುಲಿಗೆಮ್ಮಗ ಐದು ಕಾಯಿ ಒಡಸ್ತೀನಂತ ಹರಕಿ ಹೊತ್ತಳು.

ಆಮ್ಯಾಲೆ ಭೂಮಿ ಕಂಡಿತು. ನೀಲಿ ಬಣ್ಣ, ಅಂಚು ಬಾಗಿತ್ತು, ಹಿಂದ ಕಪ್ಪು ಆಕಾಶ. ಅರವತ್ತು ಹುಡುಗರು ಮೊಣಕಾಲಮ್ಯಾಲೆ ಎದ್ದು ಟಿವಿ ಕಡೆ ಬಾಗಿದ್ರು. ಮೂವತ್ತು ವರ್ಷ ನಾನು ಬಾಯಿಲೆ ಹೇಳಿದ್ದು ಅಲ್ಲಿ ಕಾಣಾಕತ್ತಿತ್ತು. ನಾನು ಅತ್ತೆ, ಸುಳ್ಳ್ಯಾಕ ಹೇಳಲಿ.

ಕಣ್ಣು ಒರಸ್ಕೊಂಡು ತಿರುಗಿದ್ರ ಅಕ್ಕನೂ ಅಳಾಕತ್ತಿದ್ದಳು. ಅಯ್ಯ, ಇಕಿಗೂ ತಿಳೀತು ಅಂತ ನನ್ನ ಎದಿ ತುಂಬಿ ಬಂತು. ಆದ್ರ ಅಕಿ ಅತ್ತದ್ದು ಆ ಹುಡುಗನ ತಾಯಿ ಸಲುವಾಗಿ. ಅವಾಗ ನಾನು ಸಮಾಧಾನದಿಂದ ತಿಳಿಸಿದೆ. ಕ್ಯಾಮೆರಾ ತಾನ ತಗಿತೈತಿ, ಹಿಡಿಯಾಕ ಯಾರೂ ಇಲ್ಲ. ಒಳಗೂ ಯಾರೂ ಇಲ್ಲ, ಡ್ರೈವರ್ ಸೈತ ಇಲ್ಲ.

ಅಕ್ಕ ಸೆರಗಿಲೆ ಕಣ್ಣು ಒರಸ್ಕೊಂಡು ಟಿವಿ ನೋಡಿದಳು, ನನ್ನ ನೋಡಿದಳು. ಅಳು ಹೋಗಿ ಮಾರಿಮ್ಯಾಲೆ ಸಿಟ್ಟು ಬಂತು.

“ಯಲಬುರ್ಗಾ ಬಸ್ಸಿನ್ಯಾಗ ದಿನಾ ಒಂದ ಕಾಲಮ್ಯಾಲೆ ನಿಂತು ಬರ್ತೀವ್ರಿ ಸರ. ಇಷ್ಟು ದೊಡ್ಡ ಗಾಡಿ ಖಾಲಿ ಬಿಟ್ಟಾರ?”