ಕಡ ತಂದ ಮಕ್ಕಳು

ನಿಮ್ಮ ದೊಡ್ಡಜ್ಜಿ ಮಕ್ಕಳನ್ನು ಕಡ ತರುತ್ತಾಳೆ.

ನಗಬೇಡಿ ಮೊಮ್ಮಕ್ಕಳೇ, ನಿಜವನ್ನೇ ಬರೆಯುತ್ತಿದ್ದೇನೆ! ತೆಂಗಿನಗುಂಡಿಯಲ್ಲಿ ಉಳಿದವರು ಒಂದು ಲೋಟ ಸಕ್ಕರೆ ಕಡ ತರುತ್ತಾರೆ, ನೆಂಟರು ಬಂದ ದಿನ ದೊಡ್ಡ ಪಾತ್ರೆ ತರುತ್ತಾರೆ. ನಿಮ್ಮ ಅಜ್ಜನ ಅಕ್ಕ, ಅಂದರೆ ನನ್ನ ಅತ್ತಿಗೆ, ಯಾರದೋ ಮನೆಯ ಬಾಗಿಲಲ್ಲಿ ನಿಂತು, "ನಿನ್ನ ಮಗನ್ನ ಐತವಾರ ಕೊಡ್ತ್ಯೇನೆ? ಸಂಜೆಗೆ ವಾಪಸ್ ತಂದು ಕೊಡ್ತೆ" ಎಂದು ಕೇಳುತ್ತಾಳೆ. (ಅವಳನ್ನು ಬಹುವಚನದಲ್ಲಿ ಬರೆಯಬೇಕಿತ್ತು. ಬರೆದರೆ, "ಅದ್ಯಾರೆ ದೊಡ್ಡ ಮನುಷ್ಯರು?" ಎಂದು ನನ್ನನ್ನೇ ಕೇಳಿಯಾಳು. ಅದಕ್ಕೆ ಹೀಗೇ ಇರಲಿ.)

ಮಕ್ಕಳು ಯಾಕೆ ಬೇಕು? ಶಿಬಿರಕ್ಕೆ! ಭಟ್ಕಳ, ಹೊನ್ನಾವರ, ಕುಮಟಾ ಎಲ್ಲೇ ಆಗಲಿ, ರಜೆ ಬಂತೆಂದರೆ ಮಣ್ಣಿನ ಗೊಂಬೆಯ ಶಿಬಿರ, ಚಿತ್ರದ ಶಿಬಿರ, ಕಥೆ ಹೇಳುವ ಶಿಬಿರ. ಪ್ರಕಟಣೆಯ ಕೊನೆಯಲ್ಲಿ ಒಂದು ಸಾಲು ಇದ್ದೇ ಇರುತ್ತದೆ: ಮಕ್ಕಳ ಜೊತೆ ಪಾಲಕರೂ ಭಾಗವಹಿಸಬಹುದು. ಆ ಸಾಲನ್ನು ಅತ್ತಿಗೆ ತನಗಾಗಿಯೇ ಬರೆದದ್ದೆಂದು ತಿಳಿದಿದ್ದಾಳೆ. ಪಾಲಕಿ ಆಗಲು ಅವಳು ತಯಾರಿದ್ದಳು. ಮಗು ಒಂದು ಇರಲಿಲ್ಲ. ಮದುವೆಯಾದ ಎರಡನೆಯ ಮಳೆಗಾಲಕ್ಕೇ ಗಂಡ ತೀರಿಕೊಂಡ. ಅಂದಿನಿಂದ ನಮ್ಮ ಪಕ್ಕದ ಮನೆಯಲ್ಲೇ ಇದ್ದಾಳೆ, ಒಣಮೀನು ಮಾರುತ್ತಾಳೆ.

ಶಿಬಿರದ ಸುದ್ದಿ ಅವಳಿಗೆ ತಿಳಿಯುವುದೂ ಒಣಮೀನಿನಿಂದಲೇ. ಮೀನು ಕಟ್ಟಿಕೊಡಲು ರದ್ದಿ ಪೇಪರು ತರುತ್ತಾಳಲ್ಲ, ಕಟ್ಟುವ ಮೊದಲು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುತ್ತಾಳೆ. ಶಿಬಿರ ಎಂದು ಕಂಡರೆ ಹರಿದು ಸೆರಗಿನ ತುದಿಗೆ ಗಂಟು ಹಾಕುತ್ತಾಳೆ. ಆ ಚೂರಿನ ವಾಸನೆಗೆ ಬೆಕ್ಕು ಬಸ್ ಸ್ಟಾಪಿನವರೆಗೂ ಅವಳ ಹಿಂದೆ ಹೋಗುತ್ತಿತ್ತು! ಎಲ್ಲವನ್ನೂ ಓದುವವಳು ತಾರೀಖನ್ನು ಮಾತ್ರ ಓದುತ್ತಿರಲಿಲ್ಲ.

ಒಮ್ಮೆ ಓಣಿಯ ಹುಡುಗನೊಬ್ಬನಿಗೆ ಹೊಸ ಅಂಗಿ ಹಾಕಿಸಿ, ಎಣ್ಣೆ ಹಚ್ಚಿ ತಲೆ ಬಾಚಿ, ಕುಮಟೆಗೆ ಕರೆದುಕೊಂಡು ಹೋದಳು. ಅಲ್ಲಿ ಶಾಲೆಯ ಗೇಟಿಗೆ ಬೀಗ. ಕಾವಲಿನವನು ಪೇಪರಿನ ಚೂರು ನೋಡಿ ಹೇಳಿದ, "ಅಜ್ಜಿ, ಇದು ಹೋದ ವರ್ಷದ್ದು!"

ಇವಳು ಬಿಡುತ್ತಾಳೆಯೆ? "ಹೌದಾ? ಎಂತ ಎಂತ ಕಲಿಸಿದ್ರು?"

ಆ ಪುಣ್ಯಾತ್ಮನಿಗೆ ನೆನಪಿತ್ತು. ಕಾಗದದ ದೋಣಿ, ಹಕ್ಕಿ, ಟೋಪಿ ಎಂದ. ಗೇಟಿನ ಹೊರಗೇ ಕೂತು, ಅವನಿಂದಲೇ ಟೋಪಿ ಮಾಡುವುದನ್ನು ಕಲಿತು ಬಂದಳು. ಹುಡುಗನ ತಾಯಿ "ಎಂತ ಕಲ್ತ್ಯೋ?" ಎಂದು ಕೇಳಿದರೆ, ಅವನು ಹೇಳಿದ್ದು ಐಸ್ ಕ್ಯಾಂಡಿಯಲ್ಲಿ ಎಷ್ಟು ಬಣ್ಣ ಇರುತ್ತದೆ ಎಂದು!

ಕಡ ತಂದದ್ದನ್ನು ಹಿಂದಿರುಗಿಸುವ ಕ್ರಮ ಮಾತ್ರ ಬಹಳ ಕಟ್ಟುನಿಟ್ಟು. ಮಗುವನ್ನು ಬೇಲಿಯ ಹತ್ತಿರ ಬಿಟ್ಟು ಬರುವವಳಲ್ಲ. ಹೊಸ್ತಿಲವರೆಗೂ ಹೋಗಿ, ತಾಯಿಯನ್ನು ಕರೆದು, ಮಗುವಿನ ಕೈಯನ್ನು ತಾಯಿಯ ಕೈಗೇ ಕೊಟ್ಟು, "ತಗಾ, ನಿನ್ನ ಕೂಸು. ಊಟ ಆತು. ಅಳ್ಲಿಲ್ಲ" ಎನ್ನುತ್ತಿದ್ದಳು. ಅತ್ತಿದ್ದರೆ ಅದನ್ನೂ ಹೇಳುತ್ತಿದ್ದಳು. ಕೊಡುವವರಲ್ಲೂ ಒಂದು ಕ್ರಮ ಬೆಳೆದಿತ್ತು. ಭಟ್ಕಳದಲ್ಲಿ ಅವಳ ಹತ್ತಿರ ಮೀನು ಕೊಳ್ಳುವ ನವಾಯತ ಮನೆಯ ಫಾತಿಮಾ ತನ್ನ ಮಗಳನ್ನು ಮಿಕ್ಸಿ ಬಳಸುವ ಕ್ರಮ ಹೇಳಿ ಕೊಟ್ಟ ಹಾಗೆ ಕೊಡುತ್ತಿದ್ದಳು. "ಅಮ್ಮಾ, ಇವಳಿಗೆ ಹಸಿವಾದ್ರೆ ಸಿಟ್ಟು ಬರ್ತದೆ. ಆಗ ಮಾತಾಡಿಸ್ಬೇಡಿ, ಮೊದಲು ಬಿಸ್ಕಿಟ್ ಕೊಡಿ."

ಮಣ್ಣಿನ ಶಿಬಿರದಲ್ಲಿ ಆ ಹುಡುಗಿ ಆನೆ ಮಾಡಲು ಕೂತು, ಬೇಸರ ಬಂದು ಮಲಗಿಬಿಟ್ಟಳಂತೆ. ಅತ್ತಿಗೆ ಒಬ್ಬಳೇ ಆನೆ ಮುಗಿಸಿ, ಕಿವಿಗೆ ಗೀರು ಎಳೆಯುತ್ತಿದ್ದಾಗ ಕಲಿಸುವ ಮಾಸ್ತರು ಬಂದರು.

"ಇವಳು ನಿಮ್ಮ ಮೊಮ್ಮಗಳೋ?"

"ಇವತ್ತಿಗೆ ಹೌದು" ಎಂದಳಂತೆ!

ಇಷ್ಟೆಲ್ಲ ಯಾಕೆ ಎಂದು ನನಗೂ ಬಹಳ ಕಾಲ ತಿಳಿದಿರಲಿಲ್ಲ. ತಿಳಿದದ್ದು ಹೊನ್ನಾವರದ ಒಂದು ಸಭೆ ಆದ ಮೇಲೆ. ಅಂದು ಮಕ್ಕಳಿಗೆ ಒಂದು ಕೋಣೆಯಲ್ಲಿ ಹಾಡು, ತಂದೆತಾಯಿಗಳಿಗೆ ಇನ್ನೊಂದರಲ್ಲಿ ಉಪನ್ಯಾಸ. ಉಪನ್ಯಾಸಕರು, "ಮಕ್ಕಳಿಗೆ ಅಂದು, ಆಮೇಲೆ ಯಾಕೆ ಅಂದೆನೋ ಎಂದು ನೊಂದುಕೊಂಡ ಮಾತು ಯಾವುದು? ಒಬ್ಬೊಬ್ಬರಾಗಿ ಹೇಳಿ" ಎಂದರಂತೆ. ಯಾರೂ ಬಾಯಿ ಬಿಡಲಿಲ್ಲ. ಸಭೆ ಹೀಗೆ ಸುಮ್ಮನಿದ್ದರೆ ಮಾಸ್ತರಿಗೆ ಬೇಜಾರಾಗುತ್ತದಲ್ಲ ಎಂದು ಇವಳು ಎದ್ದು ನಿಂತಳು.

"ನಾ ಎಂತದೂ ಹೇಳ್ಲಿಲ್ಲ ಸರ್. ನಂಗೆ ಮಕ್ಕಳೇ ಇಲ್ಲ."

ಜನ ನಕ್ಕರು. ಸಭೆ ನಡೆಸುವವರು ನಗಲಿಲ್ಲ. ಕೆಟ್ಟವರೇನಲ್ಲ, ಮೆತ್ತಗೇ ಹೇಳಿದರು: ಇದು ಸ್ವಂತ ಮಕ್ಕಳಿದ್ದವರಿಗೆ, ತಾವು ದಯವಿಟ್ಟು ಹೊರಗೆ ಕೂರಬೇಕು. ಅವಳು ಹೊರಗೆ ಬಂದು, ಒಳಗಿನ ಹಾಡು ಮುಗಿಯುವವರೆಗೆ ಜಗಲಿಯಲ್ಲಿ ಕೂತಿದ್ದು, ಅಂದು ಕಡ ತಂದಿದ್ದ ಹುಡುಗಿಯನ್ನು ಕರೆದುಕೊಂಡು ಮರಳಿದಳು.

ಆ ಸಂಜೆ ನಮ್ಮ ಹಿತ್ತಿಲಲ್ಲಿ ಕೂತು ಹೇಳಿದಳು, "ಎರಡನೇ ಕ್ಲಾಸಿಗೆ ಹೋಗುವಾಗ ನಿನ್ನ ಗಂಡ ನನ್ನ ಸೊಂಟದ ಮೇಲಿದ್ದ. ಅಬ್ಬೆ ಮೀನಿನ ಬುಟ್ಟಿ ಹೊತ್ತು ಪೇಟೆಗೆ ಹೋಗ್ತಿತ್ತು. ಅವನ್ನ ನೋಡ್ಕಳೂರು ಯಾರು? ಎತ್ಕಂಡೇ ಶಾಲೆಗೆ ಹೋದೆ. ಅವ ಕೂಗ್ದ. ಕಲಿಸೂ ಅಕ್ಕೋರು ಕೂಸಿನ್ನ ತಕಂಡು ಹೊರಗೆ ನಡಿ ಅಂದ್ರು. ದಿನಾ ಅದೇ ಆತು. ಆಗ ಕೂಸು ಅದೆ ಅಂತ ಹೊರಗೆ ಹಾಕಿದ್ರು. ಈಗ ಕೂಸು ಇಲ್ಲ ಅಂತ ಹಾಕ್ತ್ರು. ನಾ ಎಂತ ಮಾಡ್ಲೆ, ಹೇಳು!"

ಹೇಳಿ ಅವಳೇ ನಕ್ಕಳು. ನಿಮ್ಮ ಅಜ್ಜ ಇಂಜಿನ್ ರಿಪೇರಿ ಮಾಡಿ ಬಂದ ಕೈ ತೊಳೆಯುತ್ತಿದ್ದವರು, ತೊಳೆಯುತ್ತಲೇ ಇದ್ದರು. ಒಂದು ತರಗತಿಯಲ್ಲಿ ಮೊದಲಿನಿಂದ ಕೊನೆಯವರೆಗೆ ಕೂರಬೇಕು, ನಡುವೆ ಯಾರೂ ಏಳು ಎನ್ನಬಾರದು. ಅವಳಿಗೆ ಬೇಕಾದದ್ದು ಇಷ್ಟೇ.

ಆ ಮಳೆಗಾಲ ನಿಮ್ಮ ಅಜ್ಜ ತೀರಿಕೊಂಡರು. ನೀವು ಕಾರವಾರದಿಂದ ಬಂದಿದ್ದಿರಿ, ನಿಮಗೆ ನೆನಪಿರಬಹುದು. ಆಮೇಲೆ ನಾನು ಹೊರಗೆ ಹೋಗುವುದನ್ನು ಬಿಟ್ಟೆ. ಮೊದಲೇ ನಾಲ್ಕು ಜನರ ಮುಂದೆ ಹೆಸರು ಹೇಳಲೂ ನಾಚುವವಳು ನಾನು. ಅಂಗಡಿಯವನ ಹತ್ತಿರ ಮಾತಾಡುವುದೂ ಅವರ ಕೆಲಸವಾಗಿತ್ತು. ಈಗ ದುಃಖದ ನೆಪ ಸಿಕ್ಕಿತು. ಯಾರಾದರೂ ಬಂದರೆ ಅಡುಗೆಮನೆಗೆ ಸೇರಿಕೊಳ್ಳುತ್ತಿದ್ದೆ. ಫೋನಿನಲ್ಲಿ ನಿಮ್ಮ ಹತ್ತಿರವೂ "ಹೂಂ" ಎಂದಷ್ಟೇ ಹೇಳಿ ಇಟ್ಟುಬಿಡುತ್ತಿದ್ದೆ. ಅತ್ತಿಗೆಯೂ ಶಿಬಿರ ಬಿಟ್ಟಳು. ರದ್ದಿ ಪೇಪರನ್ನು ಓದದೇ ಮೀನು ಕಟ್ಟುತ್ತಿದ್ದಳು.

ಮರುವರ್ಷ ಮೇ ತಿಂಗಳ ಒಂದು ಬೆಳಿಗ್ಗೆ ನನ್ನ ಬಾಗಿಲಲ್ಲಿ ನಿಂತಿದ್ದಳು. ಒಗೆದ ಸೀರೆ, ಸೆರಗಿನಲ್ಲಿ ಗಂಟು.

"ಹೊರಡು. ಹೊನ್ನಾವರದಲ್ಲಿ ಕಥೆ ಶಿಬಿರ. ತಾರೀಖು ಫಾತಿಮಾನ ಹತ್ರ ಓದ್ಸಿದ್ದೆ, ಇವತ್ತಿಂದೇ."

"ಮಗು ಎಲ್ಲಿ ಅತ್ತಿಗೆ?"

"ಈ ಸಲ ಯಾರೂ ಕೊಡ್ಲಿಲ್ಲ. ನೀ ಬಾ, ಜೊತಿಗೆ."

ಜೊತೆಗೆ ತಾನೇ ಎಂದು ಹೊರಟೆ. ಅವಳಿಗೆ ಇಲ್ಲ ಎನ್ನುವ ಧೈರ್ಯವೂ ನನಗಿಲ್ಲವಲ್ಲ! ಹೊನ್ನಾವರದಲ್ಲಿ ಹೆದ್ದಾರಿ ದಾಟುವಾಗ ಅವಳು ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡಿದದ್ದು ಆಚೆ ಬದಿಗೆ ಬಂದ ಮೇಲೂ ಬಿಡಲಿಲ್ಲ. ಬಾಗಿಲಲ್ಲಿ ಹೆಸರು ಬರೆದುಕೊಳ್ಳುತ್ತಿದ್ದ ಹುಡುಗಿ ತಲೆ ಎತ್ತಿ ಕೇಳಿದಳು, "ಮಗು ಎಲ್ಲಿ ಅಜ್ಜಿ?"

ಅತ್ತಿಗೆ ನನ್ನನ್ನು ಮುಂದಕ್ಕೆ ಎಳೆದು ನಿಲ್ಲಿಸಿದಳು.

"ಇಗಾ."

"ಇವ್ರಾ?"

"ನಮ್ಮ ಮನೆ ಕೂಸು. ಮಾತಾಡೂಕೆ ನಾಚ್ಗೆ. ಅದ್ಕೇ ಕರ್ಕಂಡು ಬಂದೆ."

ನನಗೆ ಭೂಮಿಯೊಳಗೆ ಇಳಿದುಹೋಗೋಣ ಎನ್ನಿಸಿತು. ಆ ಹುಡುಗಿ ನನ್ನ ನರೆತ ತಲೆ ನೋಡಿದಳು, ಅತ್ತಿಗೆ ಬಿಡದೆ ಹಿಡಿದಿದ್ದ ನನ್ನ ಕೈ ನೋಡಿದಳು. ಹೋಗಿ ಎನ್ನುತ್ತಾಳೆ ಎಂದುಕೊಂಡೆ. ಅತ್ತಿಗೆಯ ಬೆರಳುಗಳೂ ಬಿಗಿಯಾದವು.

"ವಯಸ್ಸು ಎಷ್ಟು ಅಂತ ಬರೀಲಿ?" ಎಂದಳು ಹುಡುಗಿ.

"ನೀನೇ ಬರ್ಕ ಮಗಾ. ಹತ್ತರ ಒಳಗೆ ಎಷ್ಟಾದ್ರೂ ಆತು!"

ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕು, ಒಳಗೆ ಬಿಟ್ಟಳು. ನನ್ನನ್ನು ಮಕ್ಕಳ ಸಾಲಿನಲ್ಲೇ ಕೂರಿಸಿದರು. ಮೊಣಕಾಲು ಗಲ್ಲಕ್ಕೆ ತಾಗುವಷ್ಟು ಚಿಕ್ಕ ಬೆಂಚು. ಪಕ್ಕದ ಹುಡುಗ, "ನೀವು ಯಾವ ಕ್ಲಾಸು?" ಎಂದ. ಏಳನೆಯದು ಪಾಸು ಎಂದೆ. ಗೌರವದಿಂದ ಸ್ವಲ್ಪ ಸರಿದು ಜಾಗ ಕೊಟ್ಟ!

ಮಾಸ್ತರು ಹೇಳಿದರು, ನಿಮ್ಮ ಮನೆಯಲ್ಲಿ ನಿಮಗೆ ನಗು ಬರಿಸುವವರ ಕಥೆ ಹೇಳಿ. ಮಕ್ಕಳು ಒಬ್ಬೊಬ್ಬರಾಗಿ ಹೇಳಿದರು. ನನ್ನ ಸರದಿ ಬಂತು. ಎದ್ದು, ಸೆರಗು ಸರಿಮಾಡಿಕೊಂಡೆ. ಹಿಂದೆ ತಿರುಗಿ ನೋಡಿದೆ. ಪಾಲಕರ ಸಾಲಿನಲ್ಲಿ, ಎಲ್ಲ ತಾಯಂದಿರ ನಡುವೆ, ಅತ್ತಿಗೆ ಕತ್ತು ಚಾಚಿ ಕೂತಿದ್ದಳು. ಮಕ್ಕಳು ಸ್ಟೇಜಿನ ಮೇಲೆ ಮಾತು ಮರೆತಾಗ ತಾಯಂದಿರು ಮಾಡುತ್ತಾರಲ್ಲ, ಹಾಗೆ ಸದ್ದಿಲ್ಲದೆ ತುಟಿ ಆಡಿಸುತ್ತಿದ್ದಳು. ನಾನು ಏನು ಹೇಳಲಿದ್ದೇನೆಂದು ಅವಳಿಗೇನು ಗೊತ್ತಿತ್ತು? ಆದರೂ ಆಡಿಸುತ್ತಿದ್ದಳು.

"ನಮ್ಮ ಅತ್ತಿಗೆ ಮಕ್ಕಳನ್ನು ಕಡ ತರುತ್ತಾಳೆ" ಎಂದೆ.

ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ಆ ನಗುವಿನಲ್ಲಿ ನನ್ನ ನಾಚಿಕೆ ಬಿಟ್ಟಿತು. ಬೆಕ್ಕು ಬಂತು, ಬೀಗ ಹಾಕಿದ ಗೇಟು ಬಂತು, ಮಣ್ಣಿನ ಆನೆ ಬಂತು. ನಿಮಗೆ ಈಗ ಬರೆದುದನ್ನು ಮೊದಲು ಹೇಳಿದ್ದು ಅಲ್ಲಿಯೇ. ಸಂಜೆ ಶಿಬಿರ ಮುಗಿದು ಎಲ್ಲರೂ ಎದ್ದರು. ಅತ್ತಿಗೆ ಇನ್ನೂ ಕೂತೇ ಇದ್ದಳು. ಅವಳನ್ನು ಯಾರೂ ಏಳು ಎಂದಿರಲಿಲ್ಲ.

ಬಸ್ಸಿನಲ್ಲಿ ಕಂಡಕ್ಟರನಿಗೆ, "ಒಂದು ಫುಲ್ಲು, ಒಂದು ಹಾಫು" ಎಂದಳು.

"ಎರಡೂ ಫ್ರೀ ಅಲ್ದೇನ್ರಾ ಅಜ್ಜಿ? ಹಾಫ್ ಯಾರಿಗೆ?"

"ಇದ್ಕೆ" ಎಂದು ನನ್ನನ್ನು ತೋರಿಸಿದಳು!

ಆ ಬೇಸಿಗೆ ಮಗಳನ್ನು ಕಳಿಸುತ್ತೇನೆಂದು ತಾನೇ ಹೇಳಿದರೂ ಅತ್ತಿಗೆಯೇ ಬೇಡ ಎಂದಳು ಎಂದು ಫಾತಿಮಾ ನನಗೆ ಹೇಳಿದ್ದು ಎಷ್ಟೋ ದಿನದ ಮೇಲೆ.

ಮನೆ ಮುಟ್ಟುವಾಗ ದೀಪ ಹಚ್ಚುವ ಹೊತ್ತಾಗಿತ್ತು. ಅವಳ ಮನೆ ಮೊದಲು ಸಿಗುತ್ತದೆ. ಅದನ್ನು ದಾಟಿ ನನ್ನ ಹೊಸ್ತಿಲವರೆಗೂ ಬಂದಳು. ನಾನು ಬೀಗ ತೆಗೆದೆ. ಹೋಗು ಅತ್ತಿಗೆ, ಕತ್ತಲಾಯಿತು ಎಂದರೂ ಹೋಗಲಿಲ್ಲ. ಒಳಗೆ ಬಂದು, ಎದುರು ಗೋಡೆಯ ಮೇಲಿದ್ದ ನಿಮ್ಮ ಅಜ್ಜನ ಫೋಟೋದ ಮುಂದೆ ನನ್ನನ್ನು ನಿಲ್ಲಿಸಿ, ಬಸ್ಸಿಳಿದಾಗಿನಿಂದ ಹಿಡಿದಿದ್ದ ನನ್ನ ಕೈ ಬಿಟ್ಟಳು.

"ತಗಾ ತಮ್ಮಾ" ಎಂದಳು. "ಊಟ ಆತು. ಅಳ್ಲಿಲ್ಲ."